ಸ್ವಿಚ್ಚು ಹಾಕಿದರೆ ಬರುವ ಮಾರಮ್ಮ

ಬೆಟ್ಟಮ್ಮನಿಗೂ ಅವಳ ಗಂಡನ ತಮ್ಮ ಸೋಮಯ್ಯನಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ಚಿನಕುರಳಿಯಿಂದ ಒಳಕ್ಕೆ ಹೋಗುವ ರಸ್ತೆಯ ಆ ಊರಿನಲ್ಲಿ ಇಬ್ಬರದೂ ಒಂದೇ ಗೋಡೆಯ ಆಚೆ ಈಚೆ ವಾಸ. ಅವನು ಕೆಮ್ಮಿದರೆ ಇವಳು ಉಗಿಯುತ್ತಿದ್ದಳು. ಇವಳು ಪಾತ್ರೆ ಕುಕ್ಕಿದರೆ ಅವನು ರೇಡಿಯೋ ಜೋರು ಮಾಡುತ್ತಿದ್ದ. ಎದುರುಬದುರು ಸಿಕ್ಕಾಗ ಮಾತ್ರ ಅವನ ಬಾಯಿಂದ "ಅತ್ಗೆಮ್ಮ" ಎಂಬ ಮಾತು ಪಾಕದ ಹಾಗೆ ಇಳಿಯುತ್ತಿತ್ತು. ಆ ಪಾಕ ಕೇಳಿದರೇ ಬೆಟ್ಟಮ್ಮನಿಗೆ ಮೈಯೆಲ್ಲ ಉರಿ.

ಅವಳೂ ಸಿಹಿ ಹೆಂಗಸೇನಲ್ಲ. ಕಿಕ್ಕೇರಿ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ವರ್ಷವೇ ಅತ್ತೆಯ ಮೇಲೆ ಒನಕೆ ಎತ್ತಿದಳೆಂದು ಊರು ಹೇಳಿಕೊಂಡು ನಗುತ್ತಿತ್ತು. ಗಂಡ ಕರಿಯಯ್ಯ ಕಲ್ಲು ಕ್ವಾರಿಯಲ್ಲಿ ಮದ್ದು ತುಂಬಲು ಬಂಡೆಗೆ ಕುಳಿ ಹೊಡೆಯುವವನು. ಒಂದು ದಿನ ಮದ್ದು ಸಿಡಿದ ಮೇಲೆ ಸಡಿಲವಾಗಿ ನಿಂತಿದ್ದ ಕಲ್ಲೊಂದು ಅವನ ಮೇಲೆ ಉರುಳಿತು. ಅದನ್ನು ಎತ್ತಲು ಹಾರೆ ಹಾಕಿದವರಲ್ಲಿ ಬೆಟ್ಟಮ್ಮನೂ ಒಬ್ಬಳು. ಮಕ್ಕಳಿರಲಿಲ್ಲ. ತಿಥಿ ಮುಗಿಯುತ್ತಲೇ ಸೋಮಯ್ಯ, ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬನ್ನಿ ಎಂದು ಉಪಾಯವಾಗಿ ಹೇಳಿ ನೋಡಿದ. ಅಣ್ಣನ ಪಾಲಿನ ಮನೆಯ ಮೇಲೆ ಅವನಿಗೆ ಕಣ್ಣು. "ನನ್ ಎಣ ಈ ಬಾಗ್ಲಿಂದ್ಲೇ ಓಗೋದು ಕಣಪ್ಪ. ಕಾಯ್ತಾ ಕೂತಿರು" ಎಂದು ಬೆಟ್ಟಮ್ಮ ಅವನ ಮುಖದ ಮೇಲೇ ಬಾಗಿಲು ಹಾಕಿದಳು. ಮರುವಾರ, ಗಂಡನನ್ನು ನುಂಗಿದ ಅದೇ ಕ್ವಾರಿಗೆ ಹೋಗಿ ಸುತ್ತಿಗೆ ಹಿಡಿದು ಜಲ್ಲಿ ಒಡೆಯಲು ಕೂತಳು.

ಊರಿನವರು ಆಗ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಶುಭಕ್ಕೆ ಕರೆಯುವವರಿಲ್ಲ. ಬೆಳಗ್ಗೆ ಹೊರಟವರು ಅವಳು ಎದುರಾದರೆ ವಾಪಸು ಹೋಗಿ ನೀರು ಕುಡಿದು ಹೊರಡುತ್ತಿದ್ದರು. ಅದೇ ಊರು ಎರಡು ವರ್ಷದಲ್ಲಿ ಅವಳ ಕಾಲಿಗೆ ಬಿತ್ತು.

ಊರಾಚೆ ಒಂದು ದೊಡ್ಡ ಬಂಡೆ. ಅದರ ಬುಡದಲ್ಲಿ ಮಾರಮ್ಮನ ಗುಡಿ, ನೆತ್ತಿಯಲ್ಲಿ ಬೇಸಿಗೆಗೂ ಬತ್ತದ ನೀರಿನ ದೊಣೆ. ಒಂದು ಮಂಗಳವಾರ ಗುಡಿಯ ಮುಂದೆ ತಮಟೆ ಬಡಿಯುತ್ತಿದ್ದಾಗ, ಹೆಂಗಸರ ಹಿಂದೆ ಒಂಟಿಯಾಗಿ ನಿಂತಿದ್ದ ಬೆಟ್ಟಮ್ಮನಿಗೆ ಆಕಳಿಕೆ ಶುರುವಾಯಿತು. ಒಂದರ ಬೆನ್ನಿಗೆ ಒಂದು, ದವಡೆ ಕಳಚುವಂಥ ಆಕಳಿಕೆ. ಆಮೇಲೆ ಅಂಗಾಲು ತಣ್ಣಗಾಯಿತು, ಬಾಯಲ್ಲಿ ನೀರು ತುಂಬಿತು, ಕುತ್ತಿಗೆಯ ಹಿಂದೆ ಬಿಸಿ ಏರಿತು. ಅವಳಿಗೆ ನೆನಪಿರುವುದು ಇಷ್ಟೇ. ಕಣ್ಣು ಬಿಟ್ಟಾಗ ಊರೆಲ್ಲ ಮಂಡಿಯೂರಿತ್ತು. ಮಾರಮ್ಮ ನಿನ್ನ ಮೈಮೇಲೆ ಬಂದಿದ್ದಳು, ಗಡಗಡ ನಡುಗಿದೆ, ಮಾತಾಡಿದೆ ಎಂದು ಆಮೇಲೆ ಹೇಳಿದವಳು ಪುಟ್ಟತಾಯಮ್ಮ. ಕ್ವಾರಿಯಲ್ಲಿ ಬೆಟ್ಟಮ್ಮನ ಪಕ್ಕದಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದ ಗೆಳತಿ, ಊರಿನಲ್ಲಿ ಅವಳನ್ನು ಮಾತಾಡಿಸುತ್ತಿದ್ದ ಒಂದೇ ಜೀವ.

ದೇವರು ನಿಜವಾಗಿ ಬಂದಿದೆಯೋ ಇಲ್ಲವೋ ಎಂದು ನೋಡಲು ಅಲ್ಲೊಂದು ಪದ್ಧತಿ. ಬಲ ಅಂಗೈ ಮೇಲೆ ಕರ್ಪೂರ ಇಟ್ಟು ಹಚ್ಚುತ್ತಾರೆ. ಕೈ ಹಿಂದಕ್ಕೆ ಎಳೆದುಕೊಂಡರೆ ದೇವರಿಲ್ಲ. ಉರಿದು ಮುಗಿದ ಮೇಲೆ ದೇವರು ಬಂದವಳು ಅದೇ ಅಂಗೈಯನ್ನು ಕುಂಕುಮದ ತಟ್ಟೆಗೆ ಒತ್ತಿ ಜನರ ಹಣೆಗೆ ಇಡುತ್ತಾಳೆ. ಬೆಟ್ಟಮ್ಮನಿಗೆ ಹದಿನೈದು ವರ್ಷ ಹೀಗೆ ಕರ್ಪೂರ ಹಚ್ಚಿದ್ದಾರೆ. ಒಂದು ದಿನವೂ ಅವಳಿಗೆ ಬಿಸಿ ತಾಗಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ. ಉಳಿದ ಆರು ದಿನ ಅವಳು ಜಲ್ಲಿ ಒಡೆಯುವ ಮುಂಗೋಪಿ ವಿಧವೆ. ಮಂಗಳವಾರ ಸಂಜೆ ಊರಿನ ತಾಯಿ. ಆ ಒಂದು ಸಂಜೆಯ ಬಲದ ಮೇಲೆ ಅವಳು ಉಳಿದ ದಿನಗಳಲ್ಲೂ ತಲೆಯೆತ್ತಿ ನಡೆಯುತ್ತಿದ್ದಳು. ತನ್ನ ಬಾಳಿನಲ್ಲಿ ಯಾರೂ ಕಿತ್ತುಕೊಳ್ಳಲಾಗದ್ದು ಅದೊಂದೇ ಎಂದು ನಂಬಿದ್ದಳು.

ಇತ್ತ ಕ್ವಾರಿಯ ಕಲ್ಲು ಮುಗಿಯುತ್ತ ಬಂತು. ಸೋಮಯ್ಯ ಅಷ್ಟು ಹೊತ್ತಿಗೆ ಅಲ್ಲಿ ಮೇಸ್ತ್ರಿ. ಪಾಂಡವಪುರದ ಕಂಟ್ರಾಕ್ಟರಿಗೆ ಅವನೇ ಮಾರಮ್ಮನ ಬಂಡೆ ತೋರಿಸಿದ. ಊರನ್ನು ಒಪ್ಪಿಸುವ ಭಾರ ನನ್ನದು ಎಂದು ಮಾತೂ ಕೊಟ್ಟ. ಗುಡಿಯನ್ನು ಬೇರೆ ಕಡೆ ಮಾರ್ಬಲ್ ಹಾಕಿ ಕಟ್ಟಿಸಿಕೊಡುತ್ತಾರಂತೆ. ಊರಿನ ಯಜಮಾನರಿಗೆ ಮಾರ್ಬಲ್ಲಿನ ಆಸೆಯೂ ಇತ್ತು, ಮಾರಮ್ಮನ ಭಯವೂ ಇತ್ತು. "ಬಂಡೆ ಅವಳದು, ಅವಳ್ನೇ ಕೇಳುವ" ಎಂದರು. ಮೂರು ಸಲ ಕೇಳಿದರು. ಮೂರು ಸಲವೂ ನಡುಗುತ್ತಿದ್ದ ಬೆಟ್ಟಮ್ಮನ ಬಾಯಿಂದ ಬಂದದ್ದು ಒಂದೇ ಮಾತು: "ನನ್ ತಲೆ ಮೇಲೆ ಕುಳಿ ಒಡೀತೀರೇನ್ರಲಾ?"

"ಅದು ಮಾರಮ್ಮ ಅಲ್ಲ, ನಮ್ಮತ್ಗೆಮ್ಮನ ಒಟ್ಟೆಉರಿ" ಎಂದು ಸೋಮಯ್ಯ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ. ಕರ್ಪೂರಕ್ಕೆ ಸುಡದ ಕೈಯನ್ನು ಕಣ್ಣಾರೆ ಕಂಡ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹಲ್ಲು ಕಡಿದುಕೊಂಡು ಕಾದ.

ತೊಂಬತ್ತೆಂಟನೇ ಇಸವಿಯಲ್ಲಿ ಅವನ ಕಾಲ ಬಂತು. ವರ್ಷಕ್ಕೊಮ್ಮೆ ಸಂಕ್ರಾಂತಿ ಕಳೆದ ಮೇಲೆ ಮಾರಮ್ಮನ ಹಿತ್ತಾಳೆ ಮುಖವನ್ನು ಕೆ.ಆರ್.ಎಸ್. ಕೆಳಗಿನ ಹೊಳೆಗೆ ಒಯ್ದು ತೊಳೆದು ತರುವ ವಾಡಿಕೆ. ಅವತ್ತು ಬೆಟ್ಟಮ್ಮನಿಗೆ ಒಪ್ಪೊತ್ತಲ್ಲ, ಪೂರ್ತಿ ಉಪವಾಸ. ಗುಡಿಗೆ ವಾಪಸು ಬರುವತನಕ ತೊಟ್ಟು ನೀರೂ ಇಲ್ಲ. ಹೊಳೆಯ ಕೆಲಸ ಮುಗಿದ ಮೇಲೆ ಸೋಮಯ್ಯ ತನ್ನ ಟ್ರಾಕ್ಟರನ್ನು ಊರ ಕಡೆ ತಿರುಗಿಸಲಿಲ್ಲ. ಇಷ್ಟು ದೂರ ಬಂದಿದ್ದೀರಿ, ಕಟ್ಟೆಯ ಕೆಳಗಿನ ತೋಟ ನೋಡಿಕೊಂಡು ಹೋಗೋಣ ಎಂದ. ಅವನ ಈ ಹೊಸ ಪ್ರೀತಿಗೆ ಬೆಟ್ಟಮ್ಮ ಹುಬ್ಬು ಗಂಟಿಕ್ಕಿದಳು. ಉಳಿದವರು ಹೋ ಎಂದು ಇಳಿದುಬಿಟ್ಟರು.

ತೋಟದ ದಾರಿಯಲ್ಲಿ ಒಂದು ತಗಡಿನ ಶೆಡ್ಡು. ಬಾಗಿಲ ಮೇಲೆ ಹಾರುವ ಮನುಷ್ಯನ ಚಿತ್ರ, 'ಕಂಪ್ಯೂಟರ್ ಮಾಯಾಲೋಕ: ನಿಂತಲ್ಲೇ ಆಕಾಶಯಾನ' ಎಂಬ ಬೋರ್ಡು. ಒಳಗೆ ಸುತ್ತ ಕಬ್ಬಿಣದ ಕಂಬಿ ಹಾಕಿದ ಒಂದು ಮಣೆ, ತಲೆಗೆ ಹಾಕುವ ದಪ್ಪ ಹೆಲ್ಮೆಟ್ಟು, ಅದರ ಹಿಂದಿನಿಂದ ಕಂಪ್ಯೂಟರಿನವರೆಗೆ ವೈರು. ಹೆಲ್ಮೆಟ್ಟಿನ ಒಳಗೆ ಎರಡು ಕಣ್ಣಿಗೆ ಎರಡು ಪುಟ್ಟ ಟೀವಿ. ತಲೆ ತಿರುಗಿಸಿದ ಕಡೆಗೆ ಅದರೊಳಗಿನ ಲೋಕವೂ ತಿರುಗುತ್ತದೆ. ಅದನ್ನು ನಡೆಸುತ್ತಿದ್ದವನು ರಿಹಾನ್ ಎಂಬ ಮೈಸೂರಿನವನು. ಕಂಟ್ರಾಕ್ಟರನ ಜೊತೆ ಹಿಂದೊಮ್ಮೆ ಇಲ್ಲಿಗೆ ಬಂದಿದ್ದ ಸೋಮಯ್ಯ, ಆನೆಯಂಥ ಗಂಡಸೊಬ್ಬ ಆ ಹೆಲ್ಮೆಟ್ಟಿನೊಳಗೆ ಗಡಗಡ ನಡುಗಿದ್ದನ್ನು ನೋಡಿಕೊಂಡು ಹೋಗಿದ್ದ. ಆ ರಾತ್ರಿ ಅವನಿಗೆ ಖುಷಿಗೆ ನಿದ್ದೆ ಬಂದಿರಲಾರದು.

"ಅತ್ಗೆಮ್ಮ, ನೀವೇ ಮೊದ್ಲು ಓಗಿ. ದೊಡ್ಡೋರು" ಎಂದ.

"ನನಗ್ಯಾಕ್ಲಾ ತಲೆಗೆ ಆ ಮಂಕರಿ?"

"ಎದ್ರಿಕೆ ಆದ್ರೆ ಬ್ಯಾಡ ಬುಡಿ. ಮಾರಮ್ಮ ಬರೋ ಮೈಗೂ ಎದ್ರಿಕೆ ಇರ್ತದೆ ಅಂತ ನನಗ್ ಗೊತ್ತಿರ್ನಿಲ್ಲ."

ಊರಿನ ಅಷ್ಟೂ ಜನ ನೋಡುತ್ತಿದ್ದರು. ಬೆಟ್ಟಮ್ಮನ ಜಾಯಮಾನ ತಿಳಿದೇ ಆ ಮಾತನ್ನು ಎಸೆದಿದ್ದ ಕಳ್ಳ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣೆ ಹತ್ತಿದಳು. "ಅಮ್ಮಾ, ಡರ್ನಾ ನಕ್ಕೋ, ಹೆದರ್ಬೇಡಿ. ಕಂಬಿ ಗಟ್ಟಿ ಹಿಡ್ಕೊಳ್ಳಿ" ಎಂದು ರಿಹಾನ್ ಹೆಲ್ಮೆಟ್ಟು ಇಳಿಸಿದ.

ಒಳಗೆ ಒಂದು ಕಾಲುದಾರಿ. ಎರಡು ಕಡೆಯೂ ಪ್ರಪಾತ, ಕ್ವಾರಿಯ ಅಂಚಿನ ಹಾಗೆ ನೇರ ಕಡಿದದ್ದು. ಬಣ್ಣ ಬಳಿದ ರಟ್ಟಿನಂಥ ಕಲ್ಲುಗಳು. ನಿಜವಾದ ಕಲ್ಲಿನ ಜೊತೆ ಬಾಳಿದವಳಿಗೆ ನಗು ಬಂತು. ಅಷ್ಟರಲ್ಲಿ ದಾರಿ ತಾನಾಗಿ ಓಡತೊಡಗಿತು. ಅವಳು ಕಾಲೆತ್ತಿರಲಿಲ್ಲ. ಅಂಗಾಲಿನಡಿ ಮಣೆ ಗಟ್ಟಿಯಾಗಿ ಇದೆ, ಕಣ್ಣಿಗೆ ಮಾತ್ರ ನೆಲ ಜಾರುತ್ತಿದೆ. ತಲೆ ತಿರುಗಿಸಿದರೆ ಆ ಲೋಕ ಒಂದು ಗಳಿಗೆ ತಡೆದು ಆಮೇಲೆ ಹಿಂದೆ ಬರುತ್ತಿತ್ತು. ಆ ತಡವೇ ಹೊಟ್ಟೆಯನ್ನು ಮಗುಚಿತು. ಇದು ಸುಳ್ಳು, ನಾನು ಶೆಡ್ಡಿನೊಳಗೆ ನಿಂತಿದ್ದೀನಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೈ ಕೇಳಲಿಲ್ಲ. ದಾರಿ ಮುಗಿದು ಮುಂದೆ ಬರೀ ಆಕಾಶ ಬಂದಾಗ ಮಂಡಿಗಳು ತಾವಾಗಿ ಬಾಗಿದವು, ಕೈಗಳು ಕಂಬಿಯನ್ನು ಕಚ್ಚಿಕೊಂಡವು.

ಆಮೇಲೆ ಆಕಳಿಕೆ ಬಂತು.

ಒಂದು, ಅದರ ಬೆನ್ನಿಗೆ ಇನ್ನೊಂದು. ಅಂಗಾಲು ತಣ್ಣಗಾಯಿತು. ಬಾಯಲ್ಲಿ ನೀರು ತುಂಬಿತು. ಕುತ್ತಿಗೆಯ ಹಿಂದೆ ಬಿಸಿ ಏರಿತು. ಬೆಟ್ಟಮ್ಮನಿಗೆ ಪ್ರಪಾತಕ್ಕಿಂತ ಇದರ ಭಯ ಹೆಚ್ಚಾಯಿತು. ತಾಯೀ, ಈ ಹಾಳು ಮಂಕರಿಯೊಳಕ್ಕೆ ನೀನ್ಯಾಕೆ ಬಂದೆ ಎಂದು ಒಳಗೊಳಗೇ ಕೂಗಿಕೊಂಡಳು.

ಹೆಲ್ಮೆಟ್ಟಿನ ಹೊರಗೆ ಪುಟ್ಟತಾಯಮ್ಮ ಆಕಳಿಕೆ ಎಣಿಸುವ ಮೊದಲೇ ಕೈ ಮುಗಿದಿದ್ದಳು. "ಅವ್ವ ಬತ್ತಾವ್ಳೆ ಕಣ್ರೋ!" ಅವತ್ತು ಮಾರಮ್ಮನ ದಿನ, ಉಪವಾಸದ ಮೈ; ಯಾರಿಗೂ ಅನುಮಾನ ಬರಲಿಲ್ಲ. ಒಬ್ಬ ಟ್ರಾಕ್ಟರಿನಿಂದ ತಮಟೆ ತಂದು ಶೆಡ್ಡಿನೊಳಗೇ ಬಡಿಯತೊಡಗಿದ. ಒಬ್ಬಳು ನಿಂಬೆಹಣ್ಣು ಕುಯ್ದಳು. ಒಬ್ಬಳು ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿ, ಮಗಳಿಗೆ ಗಂಡು ಯಾವಾಗ ಕೂಡಿಬರುತ್ತದೆ ಎಂದು ಕೇಳಿದಳು. ಕರ್ಪೂರದ ಪೊಟ್ಟಣ ಹೊರಬಂದಾಗ ರಿಹಾನ್ ಎಗರಿಬಿದ್ದ. "ಅರೆ ಯಾ ಅಲ್ಲಾ! ಇದು ದೇವ್ರಲ್ರೀ, ಗೇಮು! ವೈರಿಗೆ ಬೆಂಕಿ ಇಡ್ಬೇಡಿ!" ಯಾರು ಕೇಳುತ್ತಾರೆ. ಹೆಲ್ಮೆಟ್ಟಿನೊಳಗೆ ಬೆಟ್ಟಮ್ಮ ಗಡಗಡ ನಡುಗುತ್ತಿದ್ದಳು, ಹದಿನೈದು ವರ್ಷದಿಂದ ನಡುಗಿದ ಹಾಗೇ.

ಆಗ ಸೋಮಯ್ಯ ಆರಾಮವಾಗಿ ಗೋಡೆಯ ಹತ್ತಿರ ನಡೆದು ಹೋಗಿ ಸ್ವಿಚ್ಚು ಆರಿಸಿದ.

ಒಳಗೆ ಕತ್ತಲಾಯಿತು. ಮೈ ಇನ್ನೊಂದೆರಡು ಸಲ ಒದರಿ ನಿಂತಿತು. ರಿಹಾನ್ ಹೆಲ್ಮೆಟ್ಟು ತೆಗೆದಾಗ ಬೆಟ್ಟಮ್ಮ ಕಂಬಿಗೆ ಜೋತುಬಿದ್ದು, ಖಾಲಿ ಹೊಟ್ಟೆಯಿಂದ ಹಳದಿ ನೀರು ವಾಂತಿ ಮಾಡಿದಳು. ತಮಟೆಯವನ ಕೈ ಮೇಲೆತ್ತಿದ್ದು ಹಾಗೇ ಉಳಿಯಿತು.

"ನೋಡಿದ್ರಾ?" ಎಂದ ಸೋಮಯ್ಯ. "ಸ್ವಿಚ್ಚಾಕುದ್ರೆ ಬತ್ತಾಳೆ, ಆರ್ಸುದ್ರೆ ಓಯ್ತಾಳೆ ನಿಮ್ ಮಾರಮ್ಮ. ಅದ್ನೈದು ವರ್ಸ ಇವ್ಳ ಕಾಲಿಗೆ ಬಿದ್ರಲ್ರೋ!" ಮೊದಲು ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಶೆಡ್ಡು ನಕ್ಕಿತು. ಐದು ನಿಮಿಷದ ಹಿಂದೆ ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿದವಳ ನಗುವೇ ಎಲ್ಲರಿಗಿಂತ ಜೋರು.

ರಿಹಾನ್ ಒಬ್ಬನಿಗೆ ಮರುಕ ಬಂತು. ಹೊರಗಿನ ಬೆಂಚಿನ ಮೇಲೆ ಕೂರಿಸಿ ಸೋಡಾ ತರಿಸಿದ. ಅವಳು ಮುಟ್ಟಲಿಲ್ಲ. "ಬಹಳ ಜನಕ್ಕೆ ಹಿಂಗೇ ಆಗ್ತದಮ್ಮಾ, ನಾಚಿಕೆ ಬೇಡ" ಎಂದ. "ಕಣ್ಣು ಓಡ್ತಾ ಇದ್ದೀನಿ ಅಂತದೆ, ಕಾಲು ನಿಂತಿದ್ದೀನಿ ಅಂತದೆ. ಎರಡಕ್ಕೂ ಜಗಳ ಹತ್ಕೊಂಡು ಮೈ ದಿಕ್ಕು ತಪ್ತದೆ. ಆಕಳಿಕೆ ಬರ್ತದೆ, ಬೆವರು ಬರ್ತದೆ, ನಡುಕ ಬರ್ತದೆ. ಬರೀ ಮೈಯಿದು ಆಟ, ಅಷ್ಟೇ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಸೋಮಯ್ಯನ ಮಾತಿಗಿಂತ ಆ ಮಾತು ಬೆಟ್ಟಮ್ಮನನ್ನು ಹೆಚ್ಚು ಇರಿಯಿತು. ಬರೀ ಮೈಯ ಆಟವೇ? ಹಾಗಾದರೆ ಹದಿನೈದು ವರ್ಷ ಬಂದವಳು ಯಾರು? ಬಂಡೆ ಮುಟ್ಟಬೇಡಿ ಎಂದು ಕೂಗಿದವಳು ಮಾರಮ್ಮನೋ, ಮೈದುನನ ಮೇಲೆ ಹಲ್ಲು ಮಸೆಯುವ ಬೆಟ್ಟಮ್ಮನೋ?

ಊರಿಗೆ ಬಂದಮೇಲೂ ಮೂರು ನಾಲ್ಕು ದಿನ ಅವಳ ಕಾಲಡಿ ನೆಲ ನಿಲ್ಲಲಿಲ್ಲ. ಮಲಗಿದರೆ ಗೋಡೆ ಜರುಗುವುದು, ಬಗ್ಗಿದರೆ ಆ ಕಾಲುದಾರಿ ಕಣ್ಣಿಗೆ ಕಟ್ಟಿ ಮೈ ಜುಂ ಎನ್ನುವುದು. ಊರು ಕನಿಕರ ತೋರಿಸುವುದಿರಲಿ, ಹಳೆಯ ಬಾಕಿಯನ್ನೆಲ್ಲ ತೀರಿಸಿಕೊಂಡಿತು. ಜಗುಲಿಯ ಮೇಲೆ ಗಂಡಸರು ತಲೆಗೆ ಬಕೆಟ್ಟು ಮಗುಚಿಕೊಂಡು ನಡುಗಿ ತೋರಿಸಿದರು. ಕ್ವಾರಿಯಲ್ಲಿ ಅವಳು ಸುತ್ತಿಗೆ ಎತ್ತಿದರೆ "ಸ್ವಿಚ್ಚಾಕ್ಲೇನಮ್ಮಿ?" ಎನ್ನುವರು. ಅವಳು ಜಲ್ಲಿ ಒಡೆಯುತ್ತಲೇ ಹೋದಳು. ಒಂದೊಂದು ಕಲ್ಲನ್ನೂ ಒಂದೊಂದು ತಲೆ ಎಂದುಕೊಂಡೇ ಒಡೆದಳು.

ಮುಂದಿನ ಮಂಗಳವಾರ ಸೋಮಯ್ಯ ಯಜಮಾನರನ್ನು ಕೂಡಿಸಿ ನಾಲ್ಕನೇ ಸಲ ಬಂಡೆಯ ಮಾತು ಎತ್ತಿದ. ಕಂಟ್ರಾಕ್ಟರು ಜೀಪಿನಲ್ಲಿ ಬಂದು ದೂರ ನಿಂತಿದ್ದ. ಮಾರಮ್ಮ ಬಂದು ಬೇಡವೆಂದರೆ ಬಿಡೋಣ, ಬರದಿದ್ದರೆ ನಾಳೆಯೇ ಕುಳಿ ಹೊಡೆಸೋಣ ಎಂದು ತೀರ್ಮಾನವಾಯಿತು.

ಸಂಜೆ ದೀಪ ಹಚ್ಚಿ ತಮಟೆ ಶುರುವಾಯಿತು. ಪುಟ್ಟತಾಯಮ್ಮ ಎಂದಿನಂತೆ ಬೆಟ್ಟಮ್ಮನ ತುರುಬು ಬಿಚ್ಚಿದಳು. ಬೆಟ್ಟಮ್ಮ ಕಣ್ಣು ಮುಚ್ಚಿ ಆಕಳಿಕೆಗೆ ಕಾದಳು. ಬರಲಿಲ್ಲ. ಅಂಗಾಲು ಬೆಚ್ಚಗಿತ್ತು, ಬಾಯಿ ಒಣಗಿತ್ತು. ಬಡಿಯುವವರ ಕೈ ಸೋತು ತಮಟೆ ಎರಡು ಸಲ ಕೈ ಬದಲಾಯಿತು. ಬಾ ತಾಯಿ, ಇವತ್ತೊಂದು ಸಲ ಬಾ ಎಂದು ಅಂಗಲಾಚಿದಳು. ಅವಳ ಒಳಗೆ ಅವಳೊಬ್ಬಳೇ ಇದ್ದಳು. ಹಿಂದಿನಿಂದ ನಗು ಎದ್ದಿತು.

"ಯಾರಾರ ಸ್ವಿಚ್ಚಾಕ್ರಪ್ಪ!" ಎಂದ ಸೋಮಯ್ಯ.

ಬೆಟ್ಟಮ್ಮನಿಗೆ ಅಂಥ ಸಿಟ್ಟು ಜೀವಮಾನದಲ್ಲಿ ಬಂದಿರಲಿಲ್ಲ. ಆ ಸಿಟ್ಟಿನಲ್ಲೇ ಅವಳಿಗೆ ದಾರಿ ಕಂಡಿತು. ಮುಚ್ಚಿದ ಕಣ್ಣೊಳಗೆ ಅವಳು ಹೆಲ್ಮೆಟ್ಟಿನ ಆ ಕಾಲುದಾರಿಯನ್ನು ಬೇಕೆಂದೇ ಕರೆದಳು. ಎರಡು ಕಡೆ ಪ್ರಪಾತ, ತಾನಾಗಿ ಓಡುವ ನೆಲ, ತಡೆದು ತಡೆದು ತಿರುಗುವ ಲೋಕ. ದಾರಿ ಮುಗಿಯಿತು, ಅವಳು ಆಕಾಶಕ್ಕೆ ಕಾಲಿಟ್ಟಳು. ಮಂಡಿ ಬಾಗಿತು. ಆಕಳಿಕೆ ಬಂತು. ಅಂಗಾಲು ತಣ್ಣಗಾಗಿ ಮೈ ಗಡಗಡ ನಡುಗಿತು. ನಗು ಪಟ್ಟನೆ ನಿಂತಿತು.

"ಕೈ ಚಾಚು" ಎಂದು ಸೋಮಯ್ಯ ಮುಂದೆ ಬಂದ. ಎಂದಿನಂತೆ ಒಂದು ಬಿಲ್ಲೆಯಲ್ಲ, ಹಿಡಿ ತುಂಬ ಕರ್ಪೂರವನ್ನು ಅವಳ ಅಂಗೈಗೆ ಸುರಿದು ಕಡ್ಡಿ ಗೀರಿದ.

ಹದಿನೈದು ವರ್ಷದಲ್ಲಿ ಮೊದಲ ಸಲ ಅವಳಿಗೆ ಬೆಂಕಿ ತಾಗಿತು. ಚರ್ಮ ಚುರುಗುಟ್ಟಿದ್ದು ಅವಳ ಕಿವಿಗೇ ಕೇಳಿತು. ಇಲ್ಲದ ಪ್ರಪಾತಕ್ಕೆ ನಡುಗಿದ ಮೈ, ಇರುವ ಬೆಂಕಿಗೆ ಕೈ ಹಿಂದಕ್ಕೆಳೆ ಎಂದು ಕಿರುಚುತ್ತಿತ್ತು. ಅವಳು ಎಳೆಯಲಿಲ್ಲ. ಕಣ್ಣು ಬಿಟ್ಟಳು. ಕರ್ಪೂರ ಉರಿಯುವಾಗ ಮೈಮರೆತಿರುತ್ತಿದ್ದವಳು ಯಾವತ್ತೂ ಕಂಡಿರದ ಆ ನೋಟವನ್ನು ಅವತ್ತು ಕಂಡಳು: ತನ್ನ ಮುಂದೆ ನಿಂತ ಊರು, ಬಾಯಿ ತೆರೆದ ಮುಖಗಳು, ಅವುಗಳ ಮಧ್ಯೆ ಸೋಮಯ್ಯನದು. ಅವನ ಮುಖದ ಮೇಲೇ ಕಣ್ಣು ನೆಟ್ಟು, ಕರ್ಪೂರದ ಕೊನೆಯ ಉರಿ ಆರುವವರೆಗೆ ನಿಂತಳು.

"ನನ್ ತಲೆ ಮೇಲೆ ಕುಳಿ ಒಡೀತೀಯೇನ್ಲಾ?" ಎಂದಳು.

ಸೋಮಯ್ಯ ನೆಲಕ್ಕೆ ಬಿದ್ದ. ನಾಟಕಕ್ಕಲ್ಲ, ನಿಜವಾಗಿ ನಂಬಿ. "ತಪ್ಪಾಯ್ತು ಕಣವ್ವ, ತಪ್ಪಾಯ್ತು" ಎಂದು ಅಳುತ್ತ ಅವಳ ಪಾದ ಹಿಡಿದುಕೊಂಡ. ಹಿಂದೆಯೇ ಊರೂ ಬಿತ್ತು. ಜೀಪು ಹೊರಟುಹೋಯಿತು. ಬೆಟ್ಟಮ್ಮ ಬೆಂದ ಅಂಗೈಯನ್ನು ಕುಂಕುಮದ ತಟ್ಟೆಗೆ ಒತ್ತಿದಳು, ಕಣ್ಣೀರು ಬರದಂತೆ ಹಲ್ಲು ಕಚ್ಚಿ ಸೋಮಯ್ಯನ ಹಣೆಗೆ ಇಟ್ಟಳು.

ಬೆಳಗ್ಗೆ ಪುಟ್ಟತಾಯಮ್ಮ ಬಂದಾಗ ಅವಳು ಒಲೆಯ ಮುಂದೆ ಕೂತು ಅಂಗೈಗೆ ಹರಳೆಣ್ಣೆ ಬಿಟ್ಟುಕೊಳ್ಳುತ್ತಿದ್ದಳು. ಕುಂಕುಮದ ಕೆಳಗೆ ಅಂಗೈ ತುಂಬ ಗುಳ್ಳೆ. ಪುಟ್ಟತಾಯಮ್ಮ ಆ ಕೈಯನ್ನು ಎಳೆದು ಬೆಳಕಿಗೆ ಹಿಡಿದಳು.

"ಯಾವತ್ತೂ ಸುಟ್ಟಿರ್ನಿಲ್ವಲ್ಲಮ್ಮಿ?"

"ನಿನ್ನೆ ಅವ್ಳು ಬಂದಿರ್ನಿಲ್ಲ ಕಣೆ" ಎಂದಳು ಬೆಟ್ಟಮ್ಮ. "ನಾನೇ ಇದ್ದೆ."

ಇಬ್ಬರೂ ಅತ್ತರು. ಬೆಟ್ಟಮ್ಮ ಗಂಡ ಸತ್ತಾಗಲೂ ಹಾಗೆ ಅತ್ತವಳಲ್ಲ. ಮಾರಮ್ಮ ಮತ್ತೆ ಬರುವುದಿಲ್ಲ ಎಂಬುದು ಅವಳಿಗೆ ಆಗಲೇ ಖಚಿತವಾಗಿತ್ತು. ಮುಂದೆ ಎಷ್ಟೋ ಮಂಗಳವಾರ ಗುಡಿಯ ಮುಂದೆ ನಿಂತಳು. ಪ್ರತಿ ಸಲವೂ ಆ ಹೆಲ್ಮೆಟ್ಟಿನ ದಾರಿಯನ್ನೇ ನೆನೆದು ನಡುಗಿದಳು, ಪ್ರತಿ ಸಲವೂ ಕೈ ಸುಟ್ಟಿತು. ಬಂಡೆ ಉಳಿಯಿತು. ದೊಣೆಯಲ್ಲಿ ನೀರಿದೆ, ದನ ಕುಡಿಯುತ್ತವೆ.

ಆದರೆ ಆ ಬೆಳಗ್ಗೆಯ ಮಾತು ಇನ್ನೊಂದಿದೆ. ಅವರಿಬ್ಬರೂ ಅಳುತ್ತಿದ್ದಾಗಲೇ ಹೊರಗೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಸೋಮಯ್ಯ, ಮಡಿ ಪಂಚೆ ಉಟ್ಟು, ತೆಂಗಿನಕಾಯಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದ. ಹಣೆಯ ಕುಂಕುಮವನ್ನು ಅಳಿಸದೆ ಹಾಗೇ ಬಿಟ್ಟುಕೊಂಡಿದ್ದ. "ತಾಯಿ" ಎಂದ. ಅತ್ಗೆಮ್ಮ ಎನ್ನಲಿಲ್ಲ.

ಬೆಟ್ಟಮ್ಮನ ಹೊಟ್ಟೆಯೊಳಗಿಂದ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹದಿನೈದು ವರ್ಷ ನನ್ನಲ್ಲಿ ಬಂದು ಕೂತಿದ್ದವಳನ್ನು ನೀನು ಓಡಿಸಿದೆ ಕಣ್ಲಾ ಪಾಪಿ. ಅವಳಿದ್ದಾಗ ನಕ್ಕೆ, ಅವಳಿಲ್ಲದಾಗ ಕಾಲಿಗೆ ಬಿದ್ದೆ. ಅವನ ಜೀವಮಾನಕ್ಕೆ ಸಾಕಾಗುವಂಥ ಮಾತು ಅದು. ಅದನ್ನು ಅವನ ಮುಖಕ್ಕೆ ಎಸೆದರೆ ನಾಳೆಯೇ ಬಂಡೆಗೆ ಕುಳಿ ಬೀಳುತ್ತದೆ.

ಬೆಟ್ಟಮ್ಮ ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, "ಒಳ್ಳೇದಾಗ್ಲಿ ಓಗು ಮಗ" ಎಂದಳು.